ದಕ್ಷಿಣ ಟೆಕ್ಸಾಸ್‌ನಲ್ಲಿ ಬಿಲ್ಲು ಹಿಡಿದು ಹಂದಿ, ಹಾವೆಲೀನಾ ಬೇಟೆ: ಗುಂಪಾಗಿ ಹೊರಟಿದ್ದೇವೆ, ಹೊರಡುವ ಮೊದಲೇ ಜಗಳ

ಆಸ್ಟಿನ್ ಅಣ್ಣಯ್ಯ
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾವು ಆರು ಜನ ಕೊಟುಲ್ಲಾ ಊರಿನ ಹತ್ತಿರದ ಒಂದು ರಾಂಚ್‌ಗೆ (ದೊಡ್ಡ ಖಾಸಗಿ ಜಮೀನು) ಹೊರಟಿದ್ದೇವೆ. ಕಾಡುಹಂದಿ, ಮತ್ತೆ ಹಂದಿಯ ಹಾಗೇ ಕಾಣುವ ಹಾವೆಲೀನಾ, ಎರಡಕ್ಕೂ. ಎಲ್ಲರದ್ದೂ ಕಾಂಪೌಂಡ್ (ರಾಟೆ ಇರುವ) ಬಿಲ್ಲು, ಬಂದೂಕು ಯಾರೂ ತರುತ್ತಿಲ್ಲ. ಇಬ್ಬರು ಈ ಮೊದಲು ಬಿಲ್ಲಿನಲ್ಲಿ ಜಿಂಕೆ ಹೊಡೆದವರು. ಉಳಿದವರು ರೇಂಜಿನಲ್ಲಿ ಫೋಮ್ ಗುರಿಗೆ ಹೊಡೆದು ಕೈ ಪಳಗಿಸಿಕೊಂಡವರು.

ವಾಟ್ಸಾಪ್ ಗುಂಪಿನಲ್ಲಿ ಈಗಲೇ ಗಲಾಟೆ. ಒಬ್ಬ ಹೇಳುತ್ತಾನೆ, ಹಂದಿಗೆ ಲೈಸೆನ್ಸ್ ಬೇಡ, ಹಾವೆಲೀನಾ ಕೂಡ ಹಂದಿಯೇ, ಸುಮ್ನೆ ದುಡ್ಡು ಯಾಕೆ ಕೊಡಬೇಕು ಅಂತ. ಇನ್ನೊಬ್ಬನಿಗೆ ಎಲ್ಲರೂ ಸಾಲಾಗಿ ಪೊದೆ ನುಗ್ಗಿ ಪ್ರಾಣಿ ಓಡಿಸಿ ಹೊಡೆಯುವ ಆಸೆ. ಮತ್ತೊಬ್ಬ, ಒಂದೇ ಪ್ರಾಣಿಗೆ ಇಬ್ಬರ ಬಾಣ ತಗುಲಿದರೆ ಅದು ಯಾರದ್ದು ಅಂತ ಈಗಲೇ ಬರೆದಿಡೋಣ ಅನ್ನುತ್ತಾನೆ. ಅನುಭವ ಇರುವವರು ಸ್ವಲ್ಪ ಹೇಳಿ. ಬೈಯುವುದಾದರೂ ಪರವಾಗಿಲ್ಲ, ಕಾರಣ ಕೊಟ್ಟು ಬೈಯಿರಿ.

ಮೆಸ್ಕೀಟ್ ಮೂರ್ತಿ
ಮೊದಲು ಲೈಸೆನ್ಸ್ ವಿಷಯ. ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಕಾಡುಹಂದಿ ಈ ನೆಲದ್ದಲ್ಲ. ಸ್ಪೇನಿನವರು ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು, 1930ರ ದಶಕದಲ್ಲಿ ಬೇಟೆಗೆ ಅಂತಲೇ ಯುರೋಪಿನ ಕಾಡುಹಂದಿ ತಂದು ಬಿಟ್ಟರು, ಎರಡೂ ಬೆರೆತವು. ಈಗ ರಾಜ್ಯದಲ್ಲಿ 20 ಲಕ್ಷಕ್ಕೂ ಜಾಸ್ತಿ ಇವೆ ಅಂತ ಅಂದಾಜು. 2019ರ ಸೆಪ್ಟೆಂಬರ್ 1ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿಗೆ ಲೈಸೆನ್ಸ್ ಬೇಡ. ಸೀಸನ್ ಇಲ್ಲ, ಮಿತಿ ಇಲ್ಲ, ರಾತ್ರಿಯೂ ಹೊಡೆಯಬಹುದು.

ಹಾವೆಲೀನಾ ಇಲ್ಲಿಯದೇ ಪ್ರಾಣಿ. ಹಂದಿಯ ಕುಟುಂಬಕ್ಕೇ ಸೇರಿದ್ದಲ್ಲ, ಪೆಕರಿ ಅನ್ನುವ ಬೇರೆ ಕುಟುಂಬ. ಹಿಂದೆ ಚರ್ಮಕ್ಕಾಗಿ ಲೆಕ್ಕವಿಲ್ಲದಷ್ಟು ಕೊಂದರು, ಕೈಗವಸು ಮಾಡುವುದಕ್ಕೆ. 1939ರಲ್ಲಿ ಟೆಕ್ಸಾಸ್ ಅದನ್ನು ಗೇಮ್ ಅನಿಮಲ್, ಅಂದರೆ ನಿಯಮದ ಪ್ರಕಾರವೇ ಬೇಟೆಯಾಡಬೇಕಾದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಲೈಸೆನ್ಸ್ ಬೇಕೇ ಬೇಕು. ಒಬ್ಬರಿಗೆ ಸೀಸನ್‌ಗೆ ಎರಡೇ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ, ಮುಳುಗಿದ ಅರ್ಧ ಗಂಟೆಯ ತನಕ ಮಾತ್ರ ಹೊಡೆಯಬಹುದು. ನೀವು ಹೋಗುವ ದಕ್ಷಿಣದ ಕೌಂಟಿಗಳಲ್ಲಿ ವರ್ಷವಿಡೀ ಸೀಸನ್ ಇರುತ್ತದೆ, ಬೇರೆ ಕಡೆ ಹಾಗಿಲ್ಲ. ಲೈಸೆನ್ಸ್ ಉಳಿಸಲು ಹೋಗಿ ಗೇಮ್ ವಾರ್ಡನ್ (ಬೇಟೆ ನಿಯಮ ನೋಡಿಕೊಳ್ಳುವ ಅಧಿಕಾರಿ) ಕೈಗೆ ಸಿಕ್ಕರೆ ನಿಮ್ಮ ಗೆಳೆಯನ ವಾದ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರಿಗೆ ಹಂಟರ್ ಎಜುಕೇಷನ್ ಅನ್ನುವ ಬೇಟೆಯ ಕೋರ್ಸ್ ಕಡ್ಡಾಯ. ದೊಡ್ಡವರು ಆನ್‌ಲೈನ್‌ನಲ್ಲೇ ಮುಗಿಸಬಹುದು. ಹಿಂದಿನ ರಾತ್ರಿ ಕೂತು ಮಾಡಬೇಡಿ.

ಡಲ್ಲಾಸ್ ಡಬ್ಬಿ
ನಮ್ಮ ಕಸಿನ್ ಕ್ಯಾಲಿಫೋರ್ನಿಯಾದಿಂದ ಬರುತ್ತಾನೆ. ಅವನಿಗೆ ಪೂರ್ತಿ ಲೈಸೆನ್ಸ್ 315 ಡಾಲರ್ ಅಂತ ನೋಡಿ ತಲೆ ತಿರುಗಿತು.

ಮೆಸ್ಕೀಟ್ ಮೂರ್ತಿ
ಅದು ಜಿಂಕೆಗೂ ಸೇರಿಸಿ. ಹೊರ ರಾಜ್ಯದವರಿಗೆ ಐದು ದಿನದ ವಿಶೇಷ ಲೈಸೆನ್ಸ್ ಇದೆ, 48 ಡಾಲರ್. ಹಾವೆಲೀನಾಕ್ಕೆ ನಡೆಯುತ್ತದೆ, ಜಿಂಕೆಗೆ ನಡೆಯುವುದಿಲ್ಲ.

ಸುಮ್ನೆ ಓದೋನು
ಬಂದೂಕು ಯಾರೂ ತರುತ್ತಿಲ್ಲ ಅಂದಿರಲ್ಲ, ಯಾಕೆ? ಟೆಕ್ಸಾಸ್‌ನಲ್ಲಿ ಇದ್ದುಕೊಂಡು ಬಂದೂಕು ಬೇಡ ಅನ್ನುವವರನ್ನು ಈಗಲೇ ನೋಡಿದ್ದು.

ಆಸ್ಟಿನ್ ಅಣ್ಣಯ್ಯ
ನಮ್ಮಲ್ಲಿ ಮೂವರು ಇನ್ನೂ ಎಚ್-1ಬಿ. ರಗಳೆ ಬೇಡ ಅಂತ.

ರಾಯಚೂರು ರಾಣಿ
ಒಳ್ಳೆಯ ಯೋಚನೆ. ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲೇ ತಡೆ ಇದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ಲೈಸೆನ್ಸ್ ಅವಧಿ ಮುಗಿದ ಮರುದಿನ ನಿಮ್ಮ ಸ್ಥಿತಿ ಏನು ಅಂತ ಯೋಚಿಸಿ. ಬಿಲ್ಲು ಆ ಕಾನೂನಿನ ಲೆಕ್ಕಕ್ಕೇ ಬರುವುದಿಲ್ಲ. ನಾನು ಬಿಲ್ಲು ಹಿಡಿದಿದ್ದೇ ಆ ಕಾರಣಕ್ಕೆ, ಆಮೇಲೆ ಬಿಡಲು ಮನಸ್ಸಾಗಲಿಲ್ಲ.

ಮತ್ತೆ, ಸಾಲಾಗಿ ನುಗ್ಗುವ ಆ ಮಹಾನುಭಾವನಿಗೆ ದಯವಿಟ್ಟು ಬುದ್ಧಿ ಹೇಳಿ. ಪೊದೆಯ ಆಚೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಮೆಸ್ಕೀಟ್ ಕೊಂಬೆಗೆ ತಗುಲಿದ ಬಾಣ ಎಲ್ಲಿಗೆ ತಿರುಗುತ್ತದೆ ಅಂತ ದೇವರಿಗೂ ಗೊತ್ತಿಲ್ಲ.

ಮಲ್ನಾಡ್ ಮಾವ
ನಮ್ಮ ಅಜ್ಜನ ಕಾಲದಲ್ಲಿ ಹೀಗೇ ಮಾಡುತ್ತಿದ್ದರು. ಹಳು ನುಗ್ಗುವವರು ಒಂದು ಕಡೆ, ಬಿಲ್ಲಿಗೆ (ಹೊಡೆಯಲು ಕಾಯುವ ಜಾಗಕ್ಕೆ) ಕೂತವರು ಇನ್ನೊಂದು ಕಡೆ. ನಾಯಿಗಳು ಬೇರೆ. ತಪ್ಪೇನಿದೆ?

ಮೆಸ್ಕೀಟ್ ಮೂರ್ತಿ
ಮಾವ, ಅವರ ಕೈಯಲ್ಲಿ ಕೋವಿ ಇತ್ತು, ಮತ್ತೆ ಕಾಡಿನ ಪ್ರತಿ ಬಂಡೆಯೂ ಗೊತ್ತಿತ್ತು. ಓಡುವ ಹಂದಿಗೆ ಬಾಣ ಬಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಹೊಟ್ಟೆಗೋ ತೊಡೆಗೋ ಬೀಳುತ್ತದೆ. ಪ್ರಾಣಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ, ನಿಮಗೆ ಸಿಗುವುದೂ ಇಲ್ಲ. ಬಿಲ್ಲಿನ ಬೇಟೆಗೆ ನಿಂತ ಪ್ರಾಣಿ ಬೇಕು, 20 ಗಜದ ಒಳಗೆ ಬೇಕು, ಅದಕ್ಕೆ ನೀವು ಇರುವುದೇ ಗೊತ್ತಾಗಿರಬಾರದು.

ಅಣ್ಣಯ್ಯ, ರಾಂಚಿನ ನಕ್ಷೆ ತರಿಸಿಕೊಂಡು ಆರು ಭಾಗ ಮಾಡಿ. ಸಂಜೆ, ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಬ್ಲೈಂಡ್ (ಅಡಗಿ ಕೂರುವ ಗೂಡು). ಮಧ್ಯಾಹ್ನ ಬೇಕಾದರೆ ಇಬ್ಬಿಬ್ಬರು ಜೋಡಿಯಾಗಿ ನಡೆದು ಹುಡುಕಿ, ಒಬ್ಬನ ಕೈಯಲ್ಲಿ ಮಾತ್ರ ಬಿಲ್ಲು, ಇನ್ನೊಬ್ಬನ ಕೈಯಲ್ಲಿ ಬೈನಾಕ್ಯುಲರ್. ಯಾರೂ ಇನ್ನೊಬ್ಬರ ಭಾಗಕ್ಕೆ ಕಾಲಿಡಬಾರದು, ಗಾಯವಾದ ಪ್ರಾಣಿ ಆ ಕಡೆ ಹೋದರೂ ಮೊದಲು ಫೋನ್ ಮಾಡಿ ಆಮೇಲೆ ಹೋಗಬೇಕು. ಸಿಗ್ನಲ್ ಇಲ್ಲದ ಕಡೆ ಜಾಸ್ತಿ, ವಾಕಿಟಾಕಿ ಇಟ್ಟುಕೊಳ್ಳಿ.

ಕೊಡಗು ಹುಡುಗ
ಗುರಿ ಎಲ್ಲಿ ಇಡಬೇಕು ಅಂತ ಯಾರೂ ಹೇಳಲಿಲ್ಲ. ಜಿಂಕೆ ಹೊಡೆದವರು ಇಲ್ಲೇ ಎಡವುವುದು. ಜಿಂಕೆಯಲ್ಲಿ ಭುಜದ ಸ್ವಲ್ಪ ಹಿಂದೆ ಹೊಡೆಯುವ ಅಭ್ಯಾಸ ಇರುತ್ತದೆ. ಹಂದಿಯ ಗುಂಡಿಗೆ, ಶ್ವಾಸಕೋಶ ಇನ್ನೂ ಮುಂದಕ್ಕೆ, ಇನ್ನೂ ಕೆಳಕ್ಕೆ ಇರುತ್ತವೆ. ಮುಂಗಾಲಿನ ಹಿಂದಿನ ಮಡಿಕೆಗೆ ಅಂಟಿಕೊಂಡ ಹಾಗೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೊಡೆಯಬೇಕು. ಜಿಂಕೆಯ ಲೆಕ್ಕದಲ್ಲಿ ಹೊಡೆದರೆ ಕರುಳಿಗೆ ಹೋಗುತ್ತದೆ.

ದೊಡ್ಡ ಗಂಡು ಹಂದಿಯಾದರೆ ಭುಜದ ಮೇಲೆ ದಪ್ಪ ಗಟ್ಟಿ ಪದರ ಇರುತ್ತದೆ. ಗಂಡುಗಳು ಒಂದನ್ನೊಂದು ಕೋರೆಯಿಂದ ಸೀಳುತ್ತವಲ್ಲ, ಅದಕ್ಕೆ ದೇವರು ಕೊಟ್ಟ ಗುರಾಣಿ. ಅಂಥದಕ್ಕೆ ಎದುರಿನಿಂದ, ನೇರ ಭುಜಕ್ಕೆ ಬಾಣ ಬೇಡ. ಸ್ವಲ್ಪ ಆಚೆ ತಿರುಗಿ ನಿಲ್ಲುವ ತನಕ ಕಾಯಿರಿ, ಪಕ್ಕೆಲುಬಿನ ಹಿಂದಿನಿಂದ ಒಳಗೆ ಹೋಗಿ ಆಚೆ ಭುಜದ ಕಡೆಗೆ ಬಾಣ ಸಾಗಬೇಕು. ಮೊನೆಯ ವಿಷಯದಲ್ಲಿ ನಾನು ಫಿಕ್ಸೆಡ್ ಬ್ಲೇಡ್ ಪಕ್ಷ. ಬಿಚ್ಚಿಕೊಳ್ಳುವ ಬ್ಲೇಡು ಅರ್ಧ ಶಕ್ತಿಯನ್ನು ಬಿಚ್ಚಿಕೊಳ್ಳುವುದಕ್ಕೇ ಖರ್ಚು ಮಾಡುತ್ತದೆ.

ಡಲ್ಲಾಸ್ ಡಬ್ಬಿ
ಅರ್ಧ ಶಕ್ತಿ? ಎಲ್ಲಿಂದ ತಂದಿರಿ ಈ ಲೆಕ್ಕ? 65 ಪೌಂಡ್ ಎಳೆತದ ಬಿಲ್ಲಿನಲ್ಲಿ ಮೆಕ್ಯಾನಿಕಲ್ (ಬಿಚ್ಚಿಕೊಳ್ಳುವ) ಮೊನೆ ಹಾಕಿ ಹಂದಿಯ ಎರಡೂ ಕಡೆ ತೂತು ಮಾಡಿದವರನ್ನು ನಾನೇ ಕಂಡಿದ್ದೇನೆ.

ಕೊಡಗು ಹುಡುಗ
ಅರ್ಧ ಅಂದಿದ್ದು ಮಾತಿಗೆ ಮಾರಾಯ. ಆದರೆ ಎಲ್ಲರ ಬಿಲ್ಲು 65 ಅಲ್ಲ. ರೇಂಜಿನಲ್ಲಿ ಕಲಿತವರು 45-50ಕ್ಕೆ ಇಟ್ಟುಕೊಂಡಿರುತ್ತಾರೆ. ಅವರಿಗೆ ಎರಡೇ ಅಲಗಿನ, ಗಟ್ಟಿ ಮೊನೆ, ಭಾರದ ಬಾಣ ಒಳ್ಳೆಯದು. ಎರಡು ತೂತು ಬೀಳಲೇಬೇಕು. ಹಂದಿಯ ಕೊಬ್ಬು ತೂತನ್ನು ಮುಚ್ಚಿಬಿಡುತ್ತದೆ, ಒಂದೇ ತೂತಾದರೆ ನೆಲದ ಮೇಲೆ ರಕ್ತವೇ ಇರುವುದಿಲ್ಲ. ಆ ಮುಳ್ಳಿನಲ್ಲಿ ಹೇಗೆ ಹುಡುಕುತ್ತೀರಿ?

ರಾಯಚೂರು ರಾಣಿ
ನನ್ನದು 48 ಪೌಂಡ್. ಕೊಡಗಿನವರು ಹೇಳಿದ್ದು ಸರಿ. ಇದಕ್ಕಿಂತ ಮುಖ್ಯ, ಮೊನೆ ಹಾಕಿದ ಬಾಣವನ್ನು ಮನೆಯಲ್ಲೇ ಹೊಡೆದು ನೋಡಿ. ಫೀಲ್ಡ್ ಪಾಯಿಂಟ್ (ಅಭ್ಯಾಸದ ಮೊನೆ) ಹೋದ ಜಾಗಕ್ಕೇ ಬ್ರಾಡ್‌ಹೆಡ್ (ಬೇಟೆಯ ಅಲಗಿನ ಮೊನೆ) ಹೋಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಬ್ಲೈಂಡಿನಲ್ಲಿ ಸ್ಟೂಲ್ ಮೇಲೆ ಕೂತು ಹೊಡೆಯಬೇಕಾಗುತ್ತದೆ, ನೀವೆಲ್ಲ ನಿಂತು ಅಭ್ಯಾಸ ಮಾಡಿರುತ್ತೀರಿ. ಒಂದು ವಾರ ಕೂತು ಹೊಡೆಯಿರಿ, ಕಪ್ಪು ಅಂಗಿ ಹಾಕಿ. ಬ್ಲೈಂಡಿನ ಒಳಗೆ ಕತ್ತಲೆ, ಬಿಳಿ ಅಂಗಿ ಎದ್ದು ಕಾಣುತ್ತದೆ.

ಅನ್ನಸಾರು
ಕ್ಷಮಿಸಿ, ನನಗೆ ಒಂದು ಅರ್ಥವಾಗುತ್ತಿಲ್ಲ. ಹಂದಿ ಬೆಳೆ ಹಾಳು ಮಾಡುತ್ತದೆ, ಸರಿ. ಹಾವೆಲೀನಾ ಪಾಪ ಕಳ್ಳಿ ತಿಂದುಕೊಂಡು ಇರುವ ಪ್ರಾಣಿ. ಅದರ ಮಾಂಸವೂ ವಾಸನೆ ಅಂತ ಬೇಟೆಗಾರರೇ ಹೇಳುತ್ತಾರೆ. ಮತ್ತೆ ಯಾಕೆ ಕೊಲ್ಲಬೇಕು? ಫೋಟೋಕ್ಕಾ?

ಡಲ್ಲಾಸ್ ಡಬ್ಬಿ
ಬಂದ್ರಪ್ಪ.

ಮೆಸ್ಕೀಟ್ ಮೂರ್ತಿ
ಡಬ್ಬಿ, ಹಾಗೆ ಮಾತಾಡಬೇಡಿ, ಪ್ರಶ್ನೆ ಸರಿಯಾಗೇ ಇದೆ. ಫೋಟೋಕ್ಕೆ ಹೊಡೆಯುವವರು ಇದ್ದಾರೆ, ನನಗೂ ಅವರನ್ನು ಕಂಡರೆ ಆಗುವುದಿಲ್ಲ. ಆದರೆ ಇಲ್ಲಿ ಕಾನೂನು ನಿಮ್ಮ ಪರವಾಗಿಯೇ ಇದೆ. ಗೇಮ್ ಅನಿಮಲ್ ಹೊಡೆದು ಮಾಂಸ ಬಿಟ್ಟು ಬರುವುದು ಟೆಕ್ಸಾಸ್‌ನಲ್ಲಿ ಅಪರಾಧ. ತಿನ್ನುವ ಮನಸ್ಸಿಲ್ಲದವನು ಹಾವೆಲೀನಾಕ್ಕೆ ಬಾಣ ಎತ್ತಲೇಬಾರದು. ನಿಮ್ಮ ಗುಂಪಿನಲ್ಲಿ ಯಾರಿಗೆ ಅದರ ಮಾಂಸ ಬೇಡವೋ ಅವರು ಹಂದಿಗೆ ಮಾತ್ರ ಕೂರಲಿ, ಲೈಸೆನ್ಸ್ ದುಡ್ಡೂ ಉಳಿಯುತ್ತದೆ. ಆ ಜಗಳವೂ ಮುಗಿಯಿತು ನೋಡಿ.

ವಾಸನೆ ಅನ್ನುವುದು ಅರ್ಧ ಸತ್ಯ. ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕಿಂತ ಸ್ವಲ್ಪ ಮುಂದೆ, ಒಂದು ಗ್ರಂಥಿ ಇದೆ. ಒಂದಕ್ಕೊಂದು ಮೈ ಉಜ್ಜಿ ಆ ವಾಸನೆ ಹಚ್ಚಿಕೊಳ್ಳುತ್ತವೆ, ಹಿಂಡಿನ ಗುರುತು ಅದು. ಗ್ರಂಥಿ ಚರ್ಮದ ಜೊತೆಗೇ ಬರುತ್ತದೆ, ಅದನ್ನು ಕೆತ್ತಲು ಹೋಗಬೇಡಿ. ಸುಲಿಯುವಾಗ ಕೂದಲು ಮುಟ್ಟಿದ ಕೈ, ಚಾಕು ಮಾಂಸಕ್ಕೆ ತಾಗದ ಹಾಗೆ ನೋಡಿಕೊಂಡರೆ ಸಾಕು. ಒಬ್ಬ ಚರ್ಮ ಹಿಡಿಯಲಿ, ಇನ್ನೊಬ್ಬ ಮಾಂಸ ಹಿಡಿಯಲಿ.

ಅನ್ನಸಾರು
ಉತ್ತರಕ್ಕೆ ಥ್ಯಾಂಕ್ಸ್. ಒಪ್ಪಿದೆ ಅಂತಲ್ಲ. ಆದರೆ ತಿನ್ನದವನು ಹೊಡೆಯಬಾರದು ಅನ್ನುವ ನಿಯಮ ಇಷ್ಟವಾಯಿತು.

ಫೀನಿಕ್ಸ್ ಪಾಟೀಲ
ನಮ್ಮ ಅರಿಜೋನಾದ ಕಡೆಯವರು ಯಾರೂ ಇಲ್ವಾ? ಇಲ್ಲಿ ಜನವರಿಯಲ್ಲಿ ಬಿಲ್ಲಿನವರಿಗೇ ಪ್ರತ್ಯೇಕ ಹಾವೆಲೀನಾ ಸೀಸನ್, ಲಾಟರಿಯಲ್ಲಿ ಪರ್ಮಿಟ್ ಬರಬೇಕು. ಫೀಡರ್ (ಜೋಳ ಉದುರಿಸುವ ಡಬ್ಬ) ಇಲ್ಲ, ಜೋಳ ಚೆಲ್ಲುವುದಿಲ್ಲ. ಸರ್ಕಾರಿ ಜಮೀನು ಬೇಕಾದಷ್ಟು, ರಾಂಚಿನವರಿಗೆ ದುಡ್ಡು ಸುರಿಯಬೇಕಾಗಿಲ್ಲ. ಬೆಳಿಗ್ಗೆ ಚಳಿ ಇರುತ್ತದಲ್ಲ, ಅವುಗಳ ಮೈಯಲ್ಲಿ ಕೂದಲು ಕಡಿಮೆ, ಬಿಸಿಲು ಬೀಳುವ ಗುಡ್ಡದ ಮಗ್ಗುಲಿಗೆ ಬಂದು ನಿಲ್ಲುತ್ತವೆ. ಎದುರಿನ ಗುಡ್ಡದಲ್ಲಿ ಕೂತು ಬೈನಾಕ್ಯುಲರ್‌ನಲ್ಲಿ ಹುಡುಕಿ, ಆಮೇಲೆ ಗಾಳಿ ನೋಡಿಕೊಂಡು ನಡೆದು ಹೋಗಬೇಕು. ಅದು ಬೇಟೆ. ಟೆಕ್ಸಾಸ್‌ನವರ ಹಾಗೆ ಡಬ್ಬದ ಕೆಳಗೆ ಜೋಳ ಸುರಿದು ಕಾಯುವುದು ಬೇಟೆ ಅಲ್ಲ, ಕ್ಯಾಂಟೀನ್.

ರಾಯಚೂರು ರಾಣಿ
ಪಾಟೀಲರೇ, ಟೆಕ್ಸಾಸ್‌ನಲ್ಲಿ ನೂರಕ್ಕೆ 95 ಭಾಗ ಖಾಸಗಿ ಜಮೀನು. ಪೊದೆ ಎಷ್ಟು ದಟ್ಟ ಅಂದರೆ ಹತ್ತು ಹೆಜ್ಜೆ ಆಚೆ ಹಂದಿ ನಿಂತರೂ ಕಾಣುವುದಿಲ್ಲ. ಗುಡ್ಡ ಎಲ್ಲಿದೆ ಇಲ್ಲಿ ಕೂರುವುದಕ್ಕೆ? ನೆಲ ಚಪ್ಪಟೆ. ಪೊದೆ ಕಡಿದು ಮಾಡಿದ ಉದ್ದದ ದಾರಿಗಳಿವೆ, ಸೆಂಡೆರೊ ಅನ್ನುತ್ತಾರೆ, ಅದರ ಮೇಲೆ ಬಂದಾಗ ಮಾತ್ರ ದರ್ಶನ.

ಅಂದ ಹಾಗೆ ಮೊದಲ ಸಲ ಆ ಕಡೆ ಹೋದಾಗ ನನಗೆ ನಮ್ಮೂರೇ ಅನ್ನಿಸಿತ್ತು. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಜೊತೆಗೆ ಪಾಪಾಸುಕಳ್ಳಿ, ಬಿಳಿ ಮಣ್ಣು, ಬಿಸಿಲು. ಮುಳ್ಳೂ ಅದೇ ಮುಳ್ಳು, ಟೈರ್ ಪಂಕ್ಚರ್ ಮಾಡುವಂಥದ್ದು.

ಫೀನಿಕ್ಸ್ ಪಾಟೀಲ
ಕ್ಯಾಂಟೀನ್ ಮಾತು ವಾಪಸ್ ತಗೊಳ್ಳಲ್ಲ. ಆದರೆ ಬಳ್ಳಾರಿ ಜಾಲಿ ಮಾತಿಗೆ ಒಂದು ಲೈಕ್.

ಆಸ್ಟಿನ್ ಅಣ್ಣಯ್ಯ
ನಡೆದು ಹುಡುಕುವ ಬಗ್ಗೆ ಇನ್ನಷ್ಟು ಹೇಳಿ. ಹಾವೆಲೀನಾ ಮೈಮೇಲೆ ಏರಿ ಬರುತ್ತದೆ ಅಂತ ಯೂಟ್ಯೂಬ್‌ನಲ್ಲಿ ನೋಡಿ ನಮ್ಮವನೊಬ್ಬ ಹೆದರಿಕೊಂಡಿದ್ದಾನೆ.

ಫೀನಿಕ್ಸ್ ಪಾಟೀಲ
ಅದಕ್ಕೆ ದೂರದ್ದು ಕಾಣುವುದಿಲ್ಲ, ಅಷ್ಟೇ. ಕಣ್ಣು ಮಂದ, ಮೂಗು ಬಹಳ ಚುರುಕು. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ನಿಧಾನವಾಗಿ 15-20 ಗಜಕ್ಕೆ ಹೋಗಬಹುದು. ಗಾಳಿ ತಿರುಗಿದರೆ ಒಂದು ಸಲ ವುಫ್ ಅಂತ ಸದ್ದು, ಹಲ್ಲು ಕಟಕಟ, ಹಿಂಡು ದಿಕ್ಕಾಪಾಲು. ಯಾವುದು ಎತ್ತ ಅಂತ ಗೊತ್ತಾಗದೆ ಓಡುತ್ತವೆ, ಅದರಲ್ಲಿ ಒಂದೆರಡು ನಿಮ್ಮ ಕಡೆಗೇ ಬರಬಹುದು. ಏರಿ ಬಂದಿತು ಅನ್ನುವ ವಿಡಿಯೋಗಳಲ್ಲಿ ಹೆಚ್ಚಿನವು ಇದೇ. ಹಾಗಂತ ಗಾಯವಾದದ್ದನ್ನೋ ಮರಿ ಇರುವುದನ್ನೋ ಮೂಲೆಗೆ ತಳ್ಳಬೇಡಿ, ಕೋರೆ ಬ್ಲೇಡಿನಷ್ಟು ಹರಿತ. ಮೇಲಿನದು ಕೆಳಗಿನದು ಒಂದಕ್ಕೊಂದು ಉಜ್ಜಿ ತಾನಾಗಿ ಸಾಣೆ ಆಗುತ್ತಿರುತ್ತವೆ. ನಾಯಿ ಜೊತೆಗಿದ್ದರೆ ಬೇರೆಯೇ ಕಥೆ, ನಾಯಿ ಕಂಡರೆ ಅವಕ್ಕೆ ಆಗುವುದೇ ಇಲ್ಲ.

ಮೆಸ್ಕೀಟ್ ಮೂರ್ತಿ
ದಕ್ಷಿಣ ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಗಾಳಿ ಆಗ್ನೇಯದಿಂದ, ಸಮುದ್ರದ ಕಡೆಯಿಂದ. ಫೆಬ್ರವರಿಯಲ್ಲಿ ಚಳಿಗಾಳಿ ಬಂದ ದಿನ ಒಮ್ಮೆಲೇ ಉತ್ತರದಿಂದ ಬೀಸತೊಡಗುತ್ತದೆ. ಹಾಗಾಗಿ ಬ್ಲೈಂಡನ್ನು ಒಂದೇ ಗಾಳಿಗೆ ನಂಬಿ ಹಾಕಬೇಡಿ, ಎರಡಕ್ಕೂ ಒಂದೊಂದು ಜಾಗ ನೋಡಿಡಿ.

ಸಂಜೆ ಮಬ್ಬಿನಲ್ಲಿ ಒಂದು ಎಚ್ಚರ. ಫೀಡರಿಗೆ ಎರಡೂ ಬರುತ್ತವೆ. ಹೊತ್ತು ಮೀರಿದ ಮೇಲೆ ಹಂದಿ ಹೊಡೆಯಬಹುದು, ಹಾವೆಲೀನಾ ಹೊಡೆದರೆ ಕೇಸು. ಬಾಲ ನೋಡಿ. ಹಂದಿಗೆ ಬಾಲ ಇರುತ್ತದೆ, ಹಾವೆಲೀನಾಕ್ಕೆ ಕಾಣುವಂಥ ಬಾಲವೇ ಇಲ್ಲ. ಕತ್ತಿನ ಸುತ್ತ ಬಿಳಿ ಪಟ್ಟಿ, ಮೈ ಬೂದು ಚುಕ್ಕೆ. ತೂಕವೂ ಅಷ್ಟೇ, ದೊಡ್ಡದೂ 60 ಪೌಂಡ್ ದಾಟುವುದು ಅಪರೂಪ. ಅನುಮಾನ ಇದ್ದರೆ ಬಾಣ ಇಳಿಸಿ.

ಶಾಸನಪ್ರಿಯ
ನಾಯಿ ಮತ್ತು ಹಂದಿಯ ಮಾತು ಬಂತಲ್ಲ, ಸ್ವಲ್ಪ ದಾರಿ ತಪ್ಪಿಸುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಗೊತ್ತಲ್ಲ? ಸುಮಾರು 949ರದ್ದು. ಗಂಗರ ರಾಜ ಬೂತುಗನ ಕಡೆಯ ವೀರ ಮಣಲೇರ ಯುದ್ಧದ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಅದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಕೊಟ್ಟರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಮತ್ತೆ ನಿಮ್ಮ ಇನ್ನೊಂದು ಜಗಳ, ಇಬ್ಬರ ಬಾಣ ಒಂದೇ ಹಂದಿಗೆ. ಅರ್ಜುನನಿಗೂ ಬೇಡನ ವೇಷದ ಶಿವನಿಗೂ ಇದೇ ವಿಷಯಕ್ಕೆ ಕುಸ್ತಿ ಆಗಿತ್ತು. ಕೊನೆಗೆ ಪಾಶುಪತಾಸ್ತ್ರ ಸಿಕ್ಕಿತು. ನಿಮಗೆ ಅದು ಸಿಗುವ ಸಾಧ್ಯತೆ ಕಡಿಮೆ.

ಸುಮ್ನೆ ಓದೋನು
🤣🤣 ಈ ಥ್ರೆಡ್ ಸಾರ್ಥಕವಾಯಿತು.

ಕೊಡಗು ಹುಡುಗ
ಬೇಟೆಗಾರರಲ್ಲಿ ಸಾಮಾನ್ಯ ನಿಯಮ, ಮೊದಲ ರಕ್ತ ಯಾರದ್ದೋ ಪ್ರಾಣಿ ಅವರದ್ದು. ಆದರೆ ಗುಂಪಿನಲ್ಲಿ ಹೋದಾಗ ಇದಕ್ಕಿಂತ ಒಳ್ಳೆಯದು ಪಾಲು. ನಮ್ಮ ಕಡೆ ಬೇಟೆಗೆ ಬಂದವರಿಗೆಲ್ಲ ಪಾಲು ಇರುತ್ತಿತ್ತು, ಹೊಡೆದವನಿಗೆ ಸ್ವಲ್ಪ ಜಾಸ್ತಿ. ಆರು ಜನ, ಎಲ್ಲ ಮಾಂಸ ಆರು ಪಾಲು ಅಂತ ಮೊದಲೇ ಒಪ್ಪಿಕೊಂಡರೆ ಅತಿ ಆಸೆಯ ಬಾಣವೂ ಕಡಿಮೆಯಾಗುತ್ತದೆ. ಕೈಗೆ ಏನೂ ಸಿಗದೆ ಹೋಗುವ ಭಯದಲ್ಲೇ ಜನ 45 ಗಜಕ್ಕೆ ಬಾಣ ಬಿಡುವುದು.

ಮಲ್ನಾಡ್ ಮಾವ
ಹೊಡೆದವನಿಗೆ ಜಾಸ್ತಿ ಅನ್ನುವುದು ಇರಲೇಬೇಕು. ಇಲ್ಲದಿದ್ದರೆ ಮಲಗಿದವನಿಗೂ ಕಾದವನಿಗೂ ಏನು ವ್ಯತ್ಯಾಸ?

ಆಸ್ಟಿನ್ ಅಣ್ಣಯ್ಯ
ಮಾವ, ನಮ್ಮ ಗುಂಪಿನಲ್ಲಿ ಒಬ್ಬ ಮಲಗುವುದಕ್ಕೇ ಬರುತ್ತಿದ್ದಾನೆ. ಪಾಲಿನ ಮಾತು ಹಾಕುತ್ತೇನೆ, ನೋಡೋಣ.

ಮಾಂಸ ಅಂದಾಗ ನೆನಪಾಯಿತು, ಹಂದಿಯಿಂದ ರೋಗ ಬರುತ್ತದೆ ಅನ್ನುತ್ತಾರಲ್ಲ?

ರಾಯಚೂರು ರಾಣಿ
ಬರುತ್ತದೆ. ಬ್ರೂಸೆಲೋಸಿಸ್ ಮುಖ್ಯ. ರಕ್ತ, ಕರುಳು ಮುಟ್ಟುವಾಗ ಗ್ಲೌಸ್ ಹಾಕಲೇಬೇಕು, ಕೈಯಲ್ಲಿ ಗಾಯ ಇದ್ದವರು ಸುಲಿಯುವ ಕೆಲಸಕ್ಕೆ ಹೋಗಲೇಬೇಡಿ. ಒಳಗಿನ ಉಷ್ಣತೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 71 ಡಿಗ್ರಿ, ಆಗುವ ತನಕ ಬೇಯಿಸಿ. ಫ್ರೀಜರ್‌ನಲ್ಲಿ ಇಟ್ಟರೆ ರೋಗಾಣು ಸಾಯುತ್ತದೆ ಅಂತ ನಂಬಬೇಡಿ. ಕರುಳು, ಹಸಿ ಮಾಂಸ ನಾಯಿಗೆ ಹಾಕಬೇಡಿ, ನಾಯಿಯನ್ನು ಕೊಲ್ಲುವ ಇನ್ನೊಂದು ರೋಗ ಇದೆ.

ಫೆಬ್ರವರಿಯಲ್ಲೂ ಅಲ್ಲಿ ಮಧ್ಯಾಹ್ನ ಸೆಕೆ ಬರಬಹುದು. ಐಸ್ ಬಾಕ್ಸ್ ದೊಡ್ಡದು ತನ್ನಿ. ಬಿಸಿಲು ಏರಿದ ದಿನ ರಾಟಲ್ ಸ್ನೇಕ್ ಹೊರಗೆ ಬರುತ್ತದೆ, ಮೊಣಕಾಲ ತನಕ ಹಾವಿನ ಕಡಿತ ತಡೆಯುವ ಗೇಟರ್ (ಕಾಲುಕವಚ) ಹಾಕಿ. ರಕ್ತದ ಜಾಡು ಹಿಡಿದು ಬಗ್ಗಿ ಹೋಗುವಾಗ ಕಳ್ಳಿಯ ಬುಡಕ್ಕೆ ಕೈ ಹಾಕಬೇಡಿ.

ಕೊಡಗು ಹುಡುಗ
ಪಂದಿ ಕರಿಗೆ 60-80 ಪೌಂಡಿನ ಹೆಣ್ಣು ಹಂದಿ ನೋಡಿ ಹೊಡೆಯಿರಿ. ಇನ್ನೂರು ಪೌಂಡಿನ ಗಂಡು ಫೋಟೋಕ್ಕೆ ಚೆಂದ, ಬೇಯಿಸುವಾಗ ಅಕ್ಕಪಕ್ಕದವರು ಪೊಲೀಸರನ್ನು ಕರೆಯುತ್ತಾರೆ. ಹಾವೆಲೀನಾ ಪಂದಿ ಕರಿಗೆ ಆಗುವುದಿಲ್ಲ, ಕೊಬ್ಬೇ ಇಲ್ಲ ಅದರಲ್ಲಿ. ಕೊಬ್ಬಿಲ್ಲದೆ ಎಂಥ ಪಂದಿ ಕರಿ? ಅದನ್ನು ಮೆಕ್ಸಿಕೋದವರ ಹಾಗೆ ಖಾರ ಹಾಕಿ ಗಂಟೆಗಟ್ಟಲೆ ಬೇಯಿಸಿ ತಮಾಲೆ ಮಾಡಿ, ಇಲ್ಲವೇ ಹಂದಿ ಕೊಬ್ಬು ಬೆರೆಸಿ ಖೀಮಾ.

ಡಲ್ಲಾಸ್ ಡಬ್ಬಿ
ಕೋರೆ ಊರಿಗೆ ತಗೊಂಡು ಹೋಗಬಹುದಾ? ನಮ್ಮ ಮಾವನಿಗೆ ಗೋಡೆಗೆ ಹಾಕುವ ಆಸೆ.

ಶಾಸನಪ್ರಿಯ
ಬೇಡವೇ ಬೇಡ. 2023ರಲ್ಲಿ ಹುಲಿ ಉಗುರಿನ ಪದಕದ ಗಲಾಟೆ ಮರೆತಿರಾ? ಊರಲ್ಲಿ ಕಾಡುಹಂದಿ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ತಡೆ ಇದೆ. ಇದು ಟೆಕ್ಸಾಸ್ ಹಂದಿಯ ಕೋರೆ ಅಂತ ಅರಣ್ಯ ಇಲಾಖೆಯವರ ಮುಂದೆ ನಿಮ್ಮ ಮಾವ ಸಾಬೀತು ಮಾಡುತ್ತಾ ಕೂರಬೇಕು.

ಮೆಸ್ಕೀಟ್ ಮೂರ್ತಿ
ಕೊನೆಗೆ ಎಚ್-1ಬಿ ಮೂವರಿಗೆ ಒಂದು ಮಾತು. ಕೊಟುಲ್ಲಾದಲ್ಲೇ ಇದ್ದರೆ ತೊಂದರೆ ಇಲ್ಲ. ರಾಂಚಿನವರು ಲರೆಡೊ ಕಡೆಯ ಇನ್ನೊಂದು ಜಾಗಕ್ಕೆ ಕಳಿಸಿದರೆ, ವಾಪಸ್ ಬರುವಾಗ ಐ-35ರಲ್ಲಿ ಬಾರ್ಡರ್ ಪೆಟ್ರೋಲ್ ಚೆಕ್‌ಪಾಯಿಂಟ್ ಇದೆ. ಪಾಸ್‌ಪೋರ್ಟ್, ಐ-94 (ದೇಶಕ್ಕೆ ಬಂದ ದಾಖಲೆ), ಐ-797 (ಎಚ್-1ಬಿ ಒಪ್ಪಿಗೆ ಪತ್ರ) ಕಾಗದದಲ್ಲೇ ಜೊತೆಗಿರಲಿ. ಮೈಮೇಲೆ ರಕ್ತದ ಕಲೆ, ಡಿಕ್ಕಿಯಲ್ಲಿ ಆರು ಬಿಲ್ಲು, ಫೋನ್‌ನಲ್ಲಿ ಚಾರ್ಜ್ ಇಲ್ಲ ಅಂತ ನಿಲ್ಲಬೇಡಿ.

ಆಸ್ಟಿನ್ ಅಣ್ಣಯ್ಯ
ಇದು ಯಾರ ತಲೆಗೂ ಹೊಳೆದಿರಲಿಲ್ಲ. ಈಗಲೇ ಗುಂಪಿಗೆ ಹಾಕಿದೆ. ಲೈಸೆನ್ಸ್ ಬೇಡ ಅಂದವನು ಮೆಸೇಜ್ ನೋಡಿ ಸುಮ್ಮನಿದ್ದ, ಆಮೇಲೆ ಹಂಟರ್ ಎಜುಕೇಷನ್ ಲಿಂಕ್ ಕೇಳಿದ. ಕೊಡಗಿನವರೇ, ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿ, ಹ್ಯೂಸ್ಟನ್‌ನಲ್ಲಿ ಎಲ್ಲಾದರೂ ಸಿಗುತ್ತದಾ?

ಕೊಡಗು ಹುಡುಗ
ಅಂಗಡಿಯಲ್ಲಿ ಕಷ್ಟ. ನನ್ನ ಹತ್ತಿರ ಅಮ್ಮ ಕಳಿಸಿದ ಬಾಟಲಿ ಇದೆ. ಕಾಲು ಪಾಲು ಹಂದಿಗೆ ಅರ್ಧ ಬಾಟಲಿ, ವ್ಯಾಪಾರ ಒಪ್ಪಿಗೆಯಾ?

ಮಲ್ನಾಡ್ ಮಾವ
ದುಬಾರಿ ಆಯ್ತು. ವಾಟೆಹುಳಿ ಹಾಕಿ, ನಾನು ಸುಮ್ನೆ ಕೊಡುತ್ತೇನೆ.

ಕೊಡಗು ಹುಡುಗ
ಮಾವ, ಈ ಮಾತನ್ನು ಮಡಿಕೇರಿ ಕಡೆ ಬಂದಾಗ ಹೇಳಬೇಡಿ.